ಭಟ್ಟರು ಕೊಳಕ್ಕಿಳಿದದ್ದು

ಮದ್ರಾಸಿನ ಮಾತು ಬಂದರೆ ಎಲ್ಲರೂ ಮರೀನಾದ ಕಡಲನ್ನು ಹೊಗಳುತ್ತಾರೆ. ನನಗೆ ಮಾತ್ರ ಮೂಗಿಗೆ ಬ್ಲೀಚಿಂಗ್ ಪೌಡರಿನ ವಾಸನೆ ಹೊಡೆಯುತ್ತದೆ. ನಗಬೇಡಿ. ಆ ಒಲೆಗೆ ಇನ್ನೆರಡು ಕೊತ್ತಳಿಗೆ ನೂಕಿ. ಹಂಡೆಯ ನೀರು ಕಾಯುವಷ್ಟರಲ್ಲಿ ಹೇಳಿ ಮುಗಿಸುತ್ತೇನೆ.

1983ರ ಬೇಸಿಗೆ. ನಾನು ಹೈಸ್ಕೂಲಿನಲ್ಲಿದ್ದೆ. ಪರೀಕ್ಷೆ ಮುಗಿಯುವ ಹೊತ್ತಿಗೆ ಸೋದರಮಾವನ ಕಾಗದ ಬಂತು: ‘ಮಾಣಿಯನ್ನು ಕಳಿಸು ಅಕ್ಕಾ, ಊರು ಕೇರಿ ನೋಡಲಿ.’ ಮಾವ ತಿರುವಲ್ಲಿಕೇಣಿಯ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುವವರು. ಮದ್ರಾಸಿನ ಉಡುಪಿ ಹೋಟೆಲು ಅಂದರೆ ಕೃಷ್ಣರಾಯರ ವುಡ್‌ಲ್ಯಾಂಡ್ಸ್, ಇಲ್ಲವೇ ದಾಸಪ್ರಕಾಶ ಅಂತ ಎಣಿಸಬೇಡಿ. ಇದು ಎಂಟು ಹತ್ತು ಮೇಜಿನದು. ಕೆಳಗೆ ಹೋಟೆಲು, ಹಿಂದೆ ಅಡುಗೆಕೋಣೆ, ಮೇಲೆ ಶೀಟು ಹೊದೆಸಿದ ಒಂದು ಉದ್ದನೆಯ ಕೋಣೆ. ಆ ಕೋಣೆಯಲ್ಲಿ ಸಾಲಾಗಿ ಚಾಪೆ ಹಾಸಿ ಎಲ್ಲರೂ ಮಲಗುವುದು. ಉಡುಪಿಗೆ ಆಗ ರೈಲೆಲ್ಲಿ, ಕೊಂಕಣ ರೈಲು ಬಂದದ್ದು 1993ರಲ್ಲಿ. ಮಂಗಳೂರಿನವರೆಗೆ ಬಸ್ಸು, ಅಲ್ಲಿಂದ ಮೇಲು. ರೈಲು ರಾತ್ರಿಯಿಡೀ ಕೇರಳದೊಳಗೆ ಓಡಿ ಪಾಲಕ್ಕಾಡಿನ ಕಣಿವೆ ದಾಟಿದ ಮೇಲೆ ಕಿಟಕಿಯಿಂದ ಬರುವ ಗಾಳಿಯೇ ಬೇರೆ. ಒಲೆಯ ಬಾಯಿಯಿಂದ ಬಂದ ಹಾಗೆ.

ಆ ವರ್ಷ ಮದ್ರಾಸಿನಲ್ಲಿ ನೀರಿರಲಿಲ್ಲ. ಹಿಂದಿನ ವರ್ಷದ ಹಿಂಗಾರು ಕೈಕೊಟ್ಟಿತ್ತು. ಮದ್ರಾಸು ಬದುಕುವುದೇ ಅಕ್ಟೋಬರ್-ನವೆಂಬರಿನ ಮಳೆಯಿಂದ. ನಮ್ಮ ಹಾಗೆ ಜೂನಿನಲ್ಲಿ ಅಲ್ಲಿ ಆಕಾಶ ಬಾಯಿಬಿಡುವುದಿಲ್ಲ. ಪುಳಲ್ ಕೆರೆ, ಪೂಂಡಿ ಜಲಾಶಯ ಎಲ್ಲ ತಳ ಕಂಡಿದ್ದವು. ಬೀದಿಗೆ ಲಾರಿ ಬಂದರೆ ಪ್ಲಾಸ್ಟಿಕ್ ಕೊಡಗಳ ಯುದ್ಧ. ಹೋಟೆಲಿನಲ್ಲಿ ಮಾವನ ಬಾಯಲ್ಲಿ ದಿನವೂ ಅದೇ ಸುದ್ದಿ. ಎನ್.ಟಿ. ರಾಮರಾಯರೂ ಎಂ.ಜಿ.ಆರ್. ಅವರೂ ಆ ಏಪ್ರಿಲಿನಲ್ಲೇ ತೆಲುಗು ಗಂಗೆಯ ಒಪ್ಪಂದಕ್ಕೆ ಸಹಿ ಹಾಕಿದ್ದರು. ಕೃಷ್ಣೆಯ ನೀರು ಮದ್ರಾಸಿನ ಕುಡಿಯುವ ನೀರಿಗೆ. ಕರ್ನಾಟಕ, ಆಂಧ್ರ, ಮಹಾರಾಷ್ಟ್ರ ತಲಾ 5 ಟಿಎಂಸಿ ಬಿಟ್ಟುಕೊಡುವುದೆಂದು 1976ರಲ್ಲೇ ಮಾತಾಗಿತ್ತು. ‘ನೋಡು, ನಮ್ಮ ಕರ್ನಾಟಕದ ಪಾಲೂ ಉಂಟು’ ಎಂದು ಮಾವ ಗಲ್ಲೆಯ ಮೇಲೆ ಕೂತು ತಾನೇ ಅಣೆಕಟ್ಟಿನ ಬಾಗಿಲೆತ್ತಿದವರ ಗತ್ತಿನಲ್ಲಿ ಗಿರಾಕಿಗಳಿಗೆ ಹೇಳುತ್ತಿದ್ದರು. ಆ ನೀರು ನಿಜವಾಗಿ ಮದ್ರಾಸು ಮುಟ್ಟಿದ್ದು 1996ರಲ್ಲಿ. ಅಷ್ಟರಲ್ಲಿ ಮಾವ ನಿವೃತ್ತಿಯಾಗಿ ಊರಿಗೆ ಬಂದು ಕೂತಿದ್ದರು.

ಹೋಟೆಲಿನ ನೀರು ಮೊದಲು ಇಡ್ಲಿಗೆ, ಸಾಂಬಾರಿಗೆ, ಕಾಫಿಗೆ. ಆಮೇಲೆ ಲೋಟ ತೊಳೆಯಲಿಕ್ಕೆ. ಕೊನೆಗೆ ಉಳಿದದ್ದು ಮೈಗೆ. ಒಬ್ಬೊಬ್ಬರಿಗೆ ಒಂದು ಬಕೆಟ್, ಅದೂ ಮುಕ್ಕಾಲು. ಹೊಳೆಯಲ್ಲಿ ಮುಳುಗಿ ಏಳುತ್ತಿದ್ದ ನನಗೆ ಆ ಬಕೆಟಿನ ಮುಂದೆ ಕೂತರೆ ಎಲ್ಲಿಂದ ಶುರು ಮಾಡುವುದೆಂದೇ ತಿಳಿಯುತ್ತಿರಲಿಲ್ಲ.

ಅಲ್ಲಿ ಇಬ್ಬರನ್ನು ನೀವು ತಿಳಿಯಬೇಕು. ಒಬ್ಬರು ಅಡುಗೆಭಟ್ಟರು. ಕುಂದಾಪುರ ಕಡೆಯವರು, ಐವತ್ತರ ಆಸುಪಾಸು, ಸಪೂರ ಮೈ. ಬೆಳಗಿನ ಜಾವ ಮೂರೂವರೆಗೆ ಎದ್ದು ಒಲೆ ಹೊತ್ತಿಸಿದರೆ ರಾತ್ರಿ ಒಂಬತ್ತಕ್ಕೆ ಆರಿಸುವವರು. ಮೊಣಕೈಯಿಂದ ಕೆಳಗೆ ದೋಸೆಕಾವಲಿ ಮುಟ್ಟಿಸಿಕೊಂಡ ಕಲೆಗಳು ಸಾಲುಸಾಲು. ಆ ಬೇಸಿಗೆಯಲ್ಲಿ ಅವರ ಬೆನ್ನಿಡೀ ಬೆವರುಸಾಲೆ. ಇನ್ನೊಬ್ಬ ಲೋಟ ತೊಳೆಯುವ ಹುಡುಗ. ನಮ್ಮೂರಿನವನೇ, ಸೀತಾನದಿಯ ಆಚೆ ದಡದವನು. ನನಗಿಂತ ಸ್ವಲ್ಪ ದೊಡ್ಡವನು, ಏಳನೆಯದಕ್ಕೆ ಶಾಲೆ ಬಿಟ್ಟು ಬಂದಿದ್ದ. ಹೆಸರು ಬೇಡ, ಈಗ ಅವನ ಮೊಮ್ಮಕ್ಕಳೇ ಶಾಲೆಗೆ ಹೋಗುತ್ತಾರೆ. ಹೊಳೆಯಾಚೆಯವನು ಅಂತಲೇ ಹೇಳುತ್ತೇನೆ. ಊರಿನಲ್ಲಿ ನಾವು ಒಂದೇ ಹೊಳೆಯಲ್ಲಿ ಈಜಿದವರು, ಒಟ್ಟಿಗಲ್ಲ. ನಮ್ಮ ಕಟ್ಟೆ ಮೇಲೆ, ಅವರದ್ದು ಎರಡು ತಿರುವು ಕೆಳಗೆ. ಎರಡು ಒಣ ತೆಂಗಿನಕಾಯಿ ಜೋಡಿಸಿ ಎದೆಗೆ ಕಟ್ಟಿ ನಮಗೆ ಈಜು ಕಲಿಸಿದರು. ಅವನಿಗೆ ಯಾರೂ ಕಲಿಸಿದ್ದಲ್ಲ.

ನಾನು ಹೋದ ಮೊದಲ ಸಂಜೆಯೇ ಮಾವ ಕಡಲು ತೋರಿಸಲು ಕರೆದುಕೊಂಡು ಹೋದರು. ಪೈಕ್ರಾಫ್ಟ್ಸ್ ರೋಡು ಹಿಡಿದು ಪೂರ್ವಕ್ಕೆ ನಡೆದರೆ ಆಯಿತು. ಕಾಲುದಾರಿಯ ಮೇಲೆ ಹಳೇ ಪುಸ್ತಕದ ಅಂಗಡಿಗಳು, ಕೊನೆಗೆ ಎಡಗಡೆ ಪ್ರೆಸಿಡೆನ್ಸಿ ಕಾಲೇಜಿನ ಕೆಂಪು ಕಟ್ಟಡ, ಗೋಪುರದ ಗಡಿಯಾರ. ರಸ್ತೆ ದಾಟಿದರೆ ಮರಳು, ಮರಳು, ಮತ್ತೂ ಮರಳು. ಕಡಲು ಎಲ್ಲೋ ಆಚೆ. ನಾನು ಅಂಗಿ ಬಿಚ್ಚಿ ಓಡಲು ಹೊರಟದ್ದೇ, ಮಾವ ಕಿವಿ ಹಿಡಿದರು.

‘ಇದು ಮಲ್ಪೆಯಲ್ಲ ಮಾಣಿ. ಕಾಲಡಿ ಇಟ್ಟಲ್ಲೇ ಗುಂಡಿ. ಹಿಂದಕ್ಕೆಳೆಯುವ ನೀರು. ಪ್ರತೀ ವಾರ ಯಾರದ್ದಾದರೂ ಹೆಣ ಬರುತ್ತದೆ.’

ಮಾವ ಉತ್ಪ್ರೇಕ್ಷೆಯ ಮನುಷ್ಯ. ಆದರೆ ಅಲ್ಲಿ ನೀರಿಗಿಳಿದು ಸತ್ತವರ ಸುದ್ದಿ ಇವತ್ತಿಗೂ ನಿಂತಿಲ್ಲ. ಇನ್ನೊಂದು ಸಂಗತಿ ನಾನು ಆಮೇಲೆ ಓದಿ ತಿಳಿದದ್ದು. ಆ ಅಗಾಧ ಮರಳು ದೇವರು ಕೊಟ್ಟದ್ದಲ್ಲ, ಬಂದರು ಕೊಟ್ಟದ್ದು. ಪೂರ್ವ ಕರಾವಳಿಯಲ್ಲಿ ಮರಳು ವರ್ಷವಿಡೀ ಒಟ್ಟಾರೆ ದಕ್ಷಿಣದಿಂದ ಉತ್ತರಕ್ಕೆ ಸರಿಯುತ್ತಿರುತ್ತದೆ. 1870ರ ದಶಕದಲ್ಲಿ ಬ್ರಿಟಿಷರು ಬಂದರಿನ ಗೋಡೆಗಳನ್ನು ಕಡಲೊಳಗೆ ಚಾಚಿದರು. ಸರಿಯುವ ಮರಳಿಗೆ ಅದು ಅಡ್ಡ ಬಂತು. ದಕ್ಷಿಣಕ್ಕೆ ಮರಳು ಗುಡ್ಡೆ ಬಿದ್ದು ಮರೀನಾ ಅಗಲವಾಯಿತು, ಉತ್ತರಕ್ಕೆ ರಾಯಪುರದ ದಂಡೆಯನ್ನು ಕಡಲು ತಿಂದಿತು. ಹೊಸ ಮರಳಿನ ಪಕ್ಕದಲ್ಲಿ ಗವರ್ನರ್ ಗ್ರಾಂಟ್ ಡಫ್ 1880ರ ದಶಕದಲ್ಲಿ ವಾಯುವಿಹಾರದ ದಾರಿ ಮಾಡಿಸಿ ಇಟಲಿಯ ನೆನಪಿಗೆ ಮರೀನಾ ಎಂದು ಹೆಸರಿಟ್ಟ. ಮದ್ರಾಸಿಗರು ಹೆಮ್ಮೆ ಪಡುವ ಕಡಲತೀರದ ಬೆಲೆ ರಾಯಪುರದ ಮೀನುಗಾರರು ಕೊಟ್ಟದ್ದು ಎಂದು ಆ ಊರಿನಲ್ಲಿ ಯಾರೂ ನನಗೆ ಹೇಳಲಿಲ್ಲ.

ಕಡಲಿಗೆ ಬೆನ್ನು ಹಾಕಿ ಮರಳುವಾಗ ಮಾವ ಬೆರಳು ತೋರಿಸಿದರು. ರಸ್ತೆಗೂ ಕಡಲಿಗೂ ನಡುವೆ, ಮರಳಿನ ಅಂಚಿಗೇ, ಗೋಡೆ ಕಟ್ಟಿದ ಒಂದು ಜಾಗ. ಗೋಡೆಯಾಚೆಯಿಂದ ಹುಡುಗರ ಕೂಗು, ನೀರು ಬಡಿಯುವ ಸದ್ದು, ನಡುನಡುವೆ ಸೀಟಿ.

‘ಕಾರ್ಪೊರೇಷನ್ ಕೊಳ. ಈಜುವುದಾದರೆ ಅಲ್ಲಿ ಈಜು.’

ಅದೇ ಮರೀನಾ ಈಜುಕೊಳ. ನಲವತ್ತರ ದಶಕದಲ್ಲಿ ಕಟ್ಟಿದ್ದು. ಆ ದಶಕದ ಮದ್ರಾಸನ್ನು ನೆನೆದರೆ ಸೋಜಿಗವಾಗುತ್ತದೆ. 1942ರ ಏಪ್ರಿಲಿನಲ್ಲಿ ಜಪಾನಿಯರು ಬರುತ್ತಾರೆಂದು ಅರ್ಧ ಊರೇ ಖಾಲಿಯಾಗಿತ್ತು, ಮರುವರ್ಷ ಒಂದು ಜಪಾನಿ ವಿಮಾನ ಬಂದು ಬಾಂಬು ಎಸೆದು ಹೋಗಿತ್ತು. ಕಡಲತ್ತ ನೋಡಲು ಜನ ಹೆದರಿದ್ದ ಕಾಲ ಅದು. ಆ ಕಡಲ ದಂಡೆಯಲ್ಲೇ, ಆ ಹತ್ತು ವರ್ಷಗಳೊಳಗೇ, ಊರವರು ಈಜಲೆಂದು ಒಂದು ಕೊಳ ಎದ್ದಿತು.

ಕಡಲಿನ ಪಕ್ಕ ಕೊಳವೇ ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಮಾವ ಉತ್ತರ ಕೊಡಲಿಲ್ಲ, ಕಾಫಿ ಕುಡಿಸಿದರು.

ಹೋಟೆಲಿನವರಿಗೆ ಬಿಡುವು ಅಂದರೆ ಮಧ್ಯಾಹ್ನ ಊಟದ ಗಲಾಟೆ ಮುಗಿದು ಸಂಜೆಯ ಬೋಂಡ ಶುರುವಾಗುವ ನಡುವಿನ ಹೊತ್ತು. ಹೊಳೆಯಾಚೆಯವನು ಆ ಹೊತ್ತಿನಲ್ಲಿ ವಾರಕ್ಕೊಮ್ಮೆ ಕಣ್ಮರೆಯಾಗುತ್ತಿದ್ದ. ಬರುವಾಗ ತಲೆ ಒದ್ದೆ, ಕಣ್ಣು ಕೆಂಪು. ಮ್ಯಾಟಿನಿಗೆ ಹೋಗಿ ಅತ್ತು ಬರುತ್ತಾನೆಂದು ಸಪ್ಲೈಯರುಗಳು ತಮಾಷೆ ಮಾಡುತ್ತಿದ್ದರು. ಒಂದು ದಿನ ನನ್ನನ್ನು ಹಿತ್ತಲಿಗೆ ಕರೆದು ತುಳುವಿನಲ್ಲಿ ಗುಟ್ಟು ಬಿಟ್ಟುಕೊಟ್ಟ. ಈಜಲಿಕ್ಕಲ್ಲ ಮಾರಾಯ, ಸ್ನಾನಕ್ಕೆ. ಟಿಕೆಟು ತೆಗೆದರೆ ಒಂದು ಗಂಟೆ. ಮುಳುಗುವಷ್ಟು ನೀರು. ಯಾವ ರಾಯರೂ ಬಕೆಟು ಎಣಿಸುವುದಿಲ್ಲ.

ಮುಂದಿನ ವಾರ ಅವನೊಟ್ಟಿಗೆ ನಾನೂ ಹೊರಟೆ. ಹಿತ್ತಲ ಬಾಗಿಲಿನಲ್ಲಿ ಭಟ್ಟರು ಅಡ್ಡ ಬಂದರು, ಹೆಗಲ ಮೇಲೆ ಬೈರಾಸು.

‘ಆ ನೀರಂಗೆ ಮಿಂದ್ರೆ ಬೆವರುಸಾಲೆ ಹೋತ್ತಂಬ್ರಲೆ, ಹೌದಾ?’

ಯಾರು ಹೇಳಿದ್ದೋ. ಬೆನ್ನು ತುರಿಸಿ ತುರಿಸಿ ರಾತ್ರಿ ನಿದ್ದೆಯಿಲ್ಲದ ಮನುಷ್ಯ ಯಾವ ಮಾತನ್ನಾದರೂ ನಂಬುತ್ತಾನೆ. ಹೊಳೆಯಾಚೆಯವನು ನನ್ನ ಮುಖ ನೋಡಿದ. ನಾನು ಹೌದು ಅಂದುಬಿಟ್ಟೆ. ಮೂವರೂ ಹೊರಟೆವು. ಪೈಕ್ರಾಫ್ಟ್ಸ್ ರೋಡಿನಲ್ಲಿ ಭಟ್ಟರು ಮುಂದೆ, ನಾನು ನಡುವೆ, ಅವನು ಹಿಂದೆ. ಯಾರೂ ಹೇಳಿಕೊಟ್ಟದ್ದಲ್ಲ, ಊರಿನಲ್ಲಿ ನಡೆಯುವ ಕ್ರಮವೇ ಹಾಗೆ. ಕಾಲಿಗೆ ಬಂದುಬಿಟ್ಟಿರುತ್ತದೆ.

ಕೊಳದ ಬಾಗಿಲಲ್ಲಿ ಒಂದು ಕಿಟಕಿ. ಚಿಲ್ಲರೆ ಕೊಟ್ಟರೆ ಚೀಟಿ. ಕಿಟಕಿಯೊಳಗಿನವನು ತಲೆಯೆತ್ತಿ ಕೂಡ ನೋಡಲಿಲ್ಲ. ಭಟ್ಟರಿಗೆ ಒಂದು, ನನಗೆ ಒಂದು, ಅವನಿಗೆ ಒಂದು. ಒಳಗೆ ಬಟ್ಟೆ ಬದಲಿಸುವ ಜಾಗ, ಸಿಮೆಂಟಿನ ನೆಲ, ಒದ್ದೆ ಚಡ್ಡಿಗಳ ರಾಶಿಯ ವಾಸನೆ. ಭಟ್ಟರು ಪಾಣಿಪಂಚೆ ಸುತ್ತಿ ಹೊರಟರೆ ಸೀಟಿಯವನು ತಡೆದ. ಪಂಚೆ ಕೂಡದು, ಚಡ್ಡಿ ಬೇಕು. ಮಾವನ ಒಂದು ಪಟ್ಟಾಪಟ್ಟಿ ಚಡ್ಡಿಯನ್ನು ಹೊಳೆಯಾಚೆಯವನು ಮೊದಲೇ ತಂದಿದ್ದ. ಹೇಗೆ ಗೊತ್ತಿತ್ತೋ! ಜನಿವಾರ, ಹಣೆಯ ಮೇಲೆ ಅಕ್ಷತೆ, ಕೆಳಗೆ ಮಂಡಿಯವರೆಗೆ ಮಾವನ ನೀಲಿ ಪಟ್ಟೆಯ ಚಡ್ಡಿ. ನನಗೆ ನಗು ತಡೆಯಲಾಗದೆ ನಲ್ಲಿಯ ಕಡೆ ಓಡಿದೆ.

ಅಲ್ಲಿ ನನ್ನ ಸರದಿ ಬಂತು. ಅಮ್ಮ ಡಬ್ಬಿಯಲ್ಲಿ ಕಟ್ಟಿಕೊಟ್ಟ ತೆಂಗಿನೆಣ್ಣೆಯನ್ನು ನಾನು ಬೆಳಿಗ್ಗೆ ತಲೆಗೆ ಸುರಿದುಕೊಂಡಿದ್ದೆ. ಸೀಟಿಯವನು ನನ್ನ ನೆತ್ತಿ ಮೂಸಿ ನೋಡಿ ಕೂಗಿದ: ‘ಎಣ್ಣೈ, ಎಣ್ಣೈ! ಪೋಯ್ ಕುಳಿ!’ ಮೊದಲು ತೊಳೆದುಕೊಂಡು ಬಾ ಅಂತ. ಸಾಬೂನು ಹಾಕಿ ತಿಕ್ಕಿ ಬಂದೆ, ಮತ್ತೆ ಮೂಸಿದ, ಮತ್ತೆ ಕಳಿಸಿದ. ಸ್ನಾನ ಮಾಡಲು ಬಂದವನು ಸ್ನಾನ ಮಾಡಿ ಬರಬೇಕೆಂಬ ಈ ತರ್ಕ ಆಗ ತಲೆಗೆ ಹತ್ತಲಿಲ್ಲ. ಈಗ ಗೊತ್ತು. ನೀರಿಗೆ ಹಾಕಿದ ಕ್ಲೋರಿನ್ನು ಮೈಯ ಎಣ್ಣೆ, ಬೆವರು ತಿನ್ನುವುದರಲ್ಲೇ ಖರ್ಚಾದರೆ ರೋಗದ ಹುಳು ಕೊಲ್ಲಲು ಏನೂ ಉಳಿಯುವುದಿಲ್ಲ. ಕಣ್ಣು ಕೆಂಪಾಗುವುದೂ ಬರೀ ಕ್ಲೋರಿನ್ನಿಂದಲ್ಲ. ಅದು ಬೆವರು, ಮೂತ್ರದೊಡನೆ ಬೆರೆತು ಹುಟ್ಟುವ ಸಂಯುಕ್ತಗಳಿಂದ. ಹಾಗಾಗಿ ಕಣ್ಣು ಜಾಸ್ತಿ ಉರಿದರೆ ಆ ದಿನ ಕೊಳದಲ್ಲಿ ಹುಡುಗರು ಜಾಸ್ತಿ ಇದ್ದರೆಂದು ಲೆಕ್ಕ. ಯಾಕೆಂದು ನಾನು ಬಿಡಿಸಿ ಹೇಳುವುದಿಲ್ಲ.

ಕೊಳ ನಾನೆಣಿಸಿದ್ದಕ್ಕಿಂತ ಬಹಳ ಉದ್ದ. ಆಳವಿಲ್ಲ, ಒಂದು ಕಡೆ ಸೊಂಟ ದಾಟುತ್ತದೆ, ಇನ್ನೊಂದು ಕಡೆ ಎದೆ. ಮೇಲೆ ಸೂರಿಲ್ಲ. ಮದ್ರಾಸಿನ ಮೇ ತಿಂಗಳ ಬಿಸಿಲು ನೆಟ್ಟಗೆ ನೀರಿನೊಳಗಿಳಿದು ತಳದ ಮೇಲೆ ಬಲೆ ನೇಯುತ್ತಿತ್ತು. ಗೋಡೆಯಾಚೆ ಕಡಲಿನ ಸದ್ದು. ಮಧ್ಯಾಹ್ನ ಕಳೆದ ಮೇಲೆ ಕಡಲಗಾಳಿ ಎದ್ದು ಮೈಮೇಲೆ ಹಾದರೆ, ಅದಕ್ಕಾಗಿಯೇ ಊರಿನ ಜನ ಬದುಕುತ್ತಾರೆ ಅನ್ನಿಸಬೇಕು, ಅಂಥ ಸುಖ.

ನೀರಿನಲ್ಲಿ ಎಷ್ಟು ಬಗೆಯ ಜನ! ವಿಕ್ಟೋರಿಯಾ ಹಾಸ್ಟೆಲಿನ ಕಾಲೇಜು ಹುಡುಗರು, ಐಸ್‌ಹೌಸಿನ ಮುಸಲ್ಮಾನ ಹುಡುಗರ ದಂಡು, ಹಣೆಗೆ ನಾಮವಿಟ್ಟ ಒಬ್ಬ ಅಯ್ಯಂಗಾರ್ ತಾತ, ಗ್ರೀಸಿನ ಕಲೆ ಹೋಗದ ಕೈಯ ಮೆಕ್ಯಾನಿಕ್ಕುಗಳು. ಹೆಂಗಸರು ಮಾತ್ರ ಒಬ್ಬರೂ ಇರಲಿಲ್ಲ. ನಮ್ಮ ಮನೆಯಲ್ಲಿ ನನಗಿಂತ ಚೆನ್ನಾಗಿ ಈಜುತ್ತಿದ್ದವಳು ಅಕ್ಕ. ಸೀರೆ ಉಡಿಸಿದ ದಿನದಿಂದ ಅವಳ ಈಜು ನಿಂತಿತ್ತು. ಎಲ್ಲರ ಕೊಳ ಅಂತ ನಾನು ಹೇಳುವಾಗ ಇದನ್ನು ಬಿಟ್ಟು ಹೇಳಿದರೆ ಸುಳ್ಳಾಗುತ್ತದೆ.

ಹೊಳೆಯಾಚೆಯವನು ಇಳಿದ. ಇಳಿದನೋ ಇಲ್ಲವೋ, ಆಚೆ ತುದಿಯಲ್ಲಿ ಎದ್ದ. ತಲೆ ಮೇಲೆತ್ತಿ ಕೈ ಬಡಿದು ಹೋಗುವ ನಮ್ಮ ಹಳ್ಳಿಯ ಈಜೇ, ಅದರಲ್ಲಿ ಶಿಸ್ತು ಏನಿಲ್ಲ, ಆದರೆ ಮಳೆಗಾಲದ ಸೀತಾನದಿಯನ್ನು ಅಡ್ಡ ಹಾಯ್ದವನಿಗೆ ಈ ನಿಂತ ನೀರು ಯಾವ ಲೆಕ್ಕ. ಕಾಲೇಜು ಹುಡುಗರು ಈಜು ನಿಲ್ಲಿಸಿ ನೋಡಿದರು. ಹೋಟೆಲಿನ ಹಿತ್ತಲಲ್ಲಿ ಕುಕ್ಕುರುಗಾಲಲ್ಲಿ ಕೂತು ಲೋಟ ಉಜ್ಜುವ ಹುಡುಗ ಇವನೇನಾ ಅನ್ನಿಸಿತು ನನಗೆ.

ಭಟ್ಟರು ಮೆಟ್ಟಿಲಿನ ಮೇಲೆ ನಿಂತೇ ಇದ್ದರು.

ಅವರ ಕಣ್ಣು ಒಬ್ಬೊಬ್ಬರ ಮೇಲೂ ಹಾಯುತ್ತಿತ್ತು. ಮುಸಲ್ಮಾನ ಹುಡುಗರು. ಮೆಕ್ಯಾನಿಕ್ಕುಗಳು. ಅಯ್ಯಂಗಾರ್ ತಾತನ ಮೇಲೆ ಸ್ವಲ್ಪ ಹೊತ್ತು ನಿಂತಿತು, ಸಮಾಧಾನವಾದ ಹಾಗೆ ಕಂಡಿತು. ಆಮೇಲೆ ಹೊಳೆಯಾಚೆಯವನ ಮೇಲೆ ನಿಂತಿತು.

ಆ ನೋಟ ಏನೆಂದು ತಿಳಿಯಲು ನಮ್ಮೂರಿನ ದೇವಸ್ಥಾನದ ಕೆರೆಯನ್ನು ನೀವು ಆಗಿನ ಕಾಲಕ್ಕೆ ನೋಡಬೇಕಿತ್ತು. ಅವನ ಮನೆಯವರು ಅದಕ್ಕೆ ಇಳಿದವರಲ್ಲ. ಬೋರ್ಡು ಯಾರೂ ಹಾಕಿರಲಿಲ್ಲ, ಹಾಕುವ ಅಗತ್ಯವೂ ಇರಲಿಲ್ಲ. ವಿಚಿತ್ರ ಏನೆಂದರೆ, ಅದನ್ನು ತೆರೆಯುವ ಮಾತು ಇದೇ ಮದ್ರಾಸಿನಿಂದ ಹೊರಟು ಎಷ್ಟೋ ಕಾಲವಾಗಿತ್ತು. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೆ ಸೇರಿದ್ದಲ್ಲವೇ. ಅಲ್ಲಿನ ಶಾಸನ ಪರಿಷತ್ತಿನಲ್ಲಿ 1924ರಲ್ಲಿ ರೆಟ್ಟಮಲೈ ಶ್ರೀನಿವಾಸನ್ ಎಂಬ ದಲಿತ ನಾಯಕರು ಠರಾವು ತಂದರು. ಸಾರ್ವಜನಿಕ ರಸ್ತೆ, ಬಾವಿ, ಕೆರೆಗಳನ್ನು ಯಾವ ಜಾತಿಯವರೂ ಬಳಸಬಹುದು, ತಡೆಯುವಂತಿಲ್ಲ ಎಂದು. ಠರಾವು ಪಾಸೂ ಆಯಿತು. ಅಂಬೇಡ್ಕರರು ಮಹಾಡಿನ ಚವದಾರ ಕೆರೆಯ ನೀರು ಮುಟ್ಟಿದ್ದು 1927ರಲ್ಲಿ, ಅದಕ್ಕೂ ಮೂರು ವರ್ಷ ಮೊದಲಿನ ಮಾತಿದು. ಆದರೆ ಮದ್ರಾಸಿನ ಠರಾವು ಪಶ್ಚಿಮಘಟ್ಟ ದಾಟಿ ನಮ್ಮ ಕೆರೆಯ ಮೆಟ್ಟಿಲಿಗೆ ಬರುವಾಗ ದಾರಿಯಲ್ಲೆಲ್ಲೋ ಸುಸ್ತಾಗಿರಬೇಕು. ಕೇಳಿದರೆ, ಅದು ಸಾರ್ವಜನಿಕ ಕೆರೆಯಲ್ಲ, ದೇವರ ಕೆರೆ ಅನ್ನುತ್ತಿದ್ದರು.

ತಿರುವಲ್ಲಿಕೇಣಿಯೇನು ಸಾಚಾ ಊರಲ್ಲ. ಮಾವ ಹುಡುಗನಾಗಿ ಮದ್ರಾಸಿಗೆ ಬಂದದ್ದು 1957ರಲ್ಲಿ. ಆ ವರ್ಷವೇ ಅಲ್ಲಿನ ಮುರಳಿ ಕೆಫೆಯ ಮುಂದೆ ಪೆರಿಯಾರರ ಕಡೆಯವರು ದಿನವೂ ಬಂದು ನಿಂತು ಜೈಲಿಗೆ ಹೋಗುತ್ತಿದ್ದರು. ಫಲಕದ ಮೇಲಿದ್ದ ‘ಬ್ರಾಹ್ಮಣ’ ಎಂಬ ಪದ ಅಳಿಸಬೇಕೆಂದು. ಕೊನೆಗೆ ಅಳಿಸಿದರು. ಮಾವ ಆ ಕಥೆಯನ್ನು ಯಾರ ಪಕ್ಷವನ್ನೂ ವಹಿಸದೆ ಹೇಳುತ್ತಿದ್ದರು: ‘ಪದ ಹೋಯ್ತು, ಗಿರಾಕಿ ಹೋಗಲಿಲ್ಲ.’ ಹೋಟೆಲಿನ ಮುಂಭಾಗಕ್ಕೆ ಹೀಗೆ ಎಲ್ಲರೂ ಬಂದರು. ಹಿಂಭಾಗದ ಅಡುಗೆಕೋಣೆಯ ಹೊಸ್ತಿಲು ಮಾತ್ರ ನಮ್ಮ ಹೊಳೆಯಾಚೆಯವನು ದಾಟುತ್ತಿರಲಿಲ್ಲ. ತೊಳೆದ ಲೋಟಗಳನ್ನು ಹೊಸ್ತಿಲಿನ ಈಚೆ ಬೋರಲು ಹಾಕಿ ಬರುತ್ತಿದ್ದ.

ಇಷ್ಟೆಲ್ಲ ಆ ಮೆಟ್ಟಿಲಿನ ಮೇಲೆ ನಿಂತ ಒಂದು ಜೊತೆ ಕಾಲಿನಲ್ಲಿತ್ತು. ಹಣ ಕೊಟ್ಟು ಚೀಟಿ ತೆಗೆದಾಗಿದೆ. ಬೆನ್ನು ಉರಿಯುತ್ತಿದೆ. ನೀರು ತಣ್ಣಗೆ ಕಾಣುತ್ತಿದೆ.

ಹೊಳೆಯಾಚೆಯವನು ಈಜುತ್ತ ಮೆಟ್ಟಿಲಿನ ಬಳಿ ಬಂದ. ‘ಇಳೀರಿ ಭಟ್ರೇ, ಎದೆಗೂ ಬರುದಿಲ್ಲ.’

ಭಟ್ಟರು ಅವನಿಗೆ ಉತ್ತರ ಕೊಡಲಿಲ್ಲ. ನನ್ನತ್ತ ತಿರುಗಿ ಮೆಲ್ಲಗೆ ಕೇಳಿದರು:

‘ಮಾಣಿ, ಈ ನೀರು ಹರೀತ್ತಾ?’

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಹರಿಯುವ ನೀರಿಗೆ ಮೈಲಿಗೆಯಿಲ್ಲ, ಶಾಸ್ತ್ರದಲ್ಲಿ ಅಷ್ಟು ಸಡಿಲ ಉಂಟು. ಅತ್ತ ಮೂಲೆಯಲ್ಲಿ ಒಂದು ಪೈಪಿನಿಂದ ಕಿರುಬೆರಳಿನಷ್ಟು ದಪ್ಪಕ್ಕೆ ನೀರು ಬೀಳುತ್ತಿತ್ತು. ಅಂಚಿನ ಚರಂಡಿಗೆ ಹುಡುಗರ ಗದ್ದಲಕ್ಕೆ ಒಂದಿಷ್ಟು ತುಳುಕಿ ಹೋಗುತ್ತಿತ್ತು. ನಾನು ಪೈಪು ತೋರಿಸಿದೆ, ಚರಂಡಿ ತೋರಿಸಿದೆ.

‘ಬಪ್ದೂ ಉಂಟು, ಹೋಪ್ದೂ ಉಂಟು’ ಅಂದರು ಭಟ್ಟರು, ತಮಗೆ ತಾವೇ. ‘ಹಾಂಗಾರೆ ಹರುವ ನೀರೇ ಲೆಕ್ಕ.’

ಮೂಗು ಹಿಡಿದು ಏನೋ ಮಂತ್ರ ಹೇಳಿ ಒಂದು ಮೆಟ್ಟಿಲು ಇಳಿದರು. ಗಂಗೇಚ ಯಮುನೇಚ ಇರಬೇಕು, ಕೃಷ್ಣೆಯನ್ನು ಸೇರಿಸಿದರೋ ಇಲ್ಲವೋ. ಎರಡನೇ ಮೆಟ್ಟಿಲಿಗೆ ಪಾಚಿಯೋ ಏನೋ, ಕಾಲು ಜಾರಿತು. ಕೈ ಗಾಳಿಯಲ್ಲಿ ಹುಡುಕಿತು. ಸಿಕ್ಕಿದ್ದು ಹೊಳೆಯಾಚೆಯವನ ಹೆಗಲು.

ಅದನ್ನು ನಾನು ಬಹಳ ಹತ್ತಿರದಿಂದ ಕಂಡೆ. ದೋಸೆಕಾವಲಿಯ ಕಲೆಗಳ ಆ ಕೈ, ಐದೂ ಬೆರಳು ಅವನ ಹೆಗಲೊಳಗೆ ನಟ್ಟಿವೆ. ಹೊಳೆಯಾಚೆಯವನು ಸೆಟೆದು ನಿಂತಿದ್ದಾನೆ, ಉಸಿರೂ ಬಿಡುತ್ತಿಲ್ಲ. ಅವನ ಒಂದು ಕೈ ಭಟ್ಟರ ಮೊಣಕೈಯ ಕೆಳಗೆ ಹೋಗಿ, ಮುಟ್ಟಲೋ ಬೇಡವೋ ಎಂದು ಒಂದು ಅಂಗುಲ ದೂರದಲ್ಲಿ ನಿಂತಿತು. ಆ ಬೆರಳುಗಳ ತುದಿ ಮುದುಡಿ ಬಿಳಿಚಿಕೊಂಡಿತ್ತು. ಗಂಟೆಗಟ್ಟಲೆ ನೀರಲ್ಲಿದ್ದರೆ ನಮ್ಮ ಬೆರಳೂ ಹಾಗಾಗುತ್ತದೆ. ಅವನು ಇಳಿದು ಇನ್ನೂ ಹತ್ತು ನಿಮಿಷ ಆಗಿರಲಿಲ್ಲ. ಲೋಟ ತೊಳೆಯುವವನ ಬೆರಳು, ಅದು ಯಾವಾಗಲೂ ಹಾಗೆಯೇ ಇರುವುದು.

ಭಟ್ಟರು ಇನ್ನೊಮ್ಮೆ ಜಾರಿದರು. ಕೈ ಹಿಡಿಯಿತು.

ಆಮೇಲೆ ಏನಾಯಿತೆಂದರೆ ಏನೂ ಆಗಲಿಲ್ಲ. ಭಟ್ಟರು ಕುತ್ತಿಗೆಯವರೆಗೆ ನೀರಿನಲ್ಲಿ ಕುಳಿತರು, ‘ಹಾ’ ಅಂದರು. ಆ ‘ಹಾ’ ಮೂರೂವರೆಯ ಒಲೆಯಿಂದ ಹೊರಟದ್ದು. ಸೀಟಿ ಊದುವವರೆಗೂ ಏಳಲಿಲ್ಲ. ನಮ್ಮ ಗಂಟೆ ಮುಗಿದು ಮುಂದಿನವರ ಸಾಲು ಬಾಗಿಲಲ್ಲಿ ಗದ್ದಲ ಮಾಡುತ್ತಿದ್ದರೂ ಏಳಲಿಲ್ಲ. ಸೀಟಿಯವನು ಹತ್ತಿರ ಬಂದು ತಲೆಯ ಮೇಲೇ ಊದಬೇಕಾಯಿತು.

ಈಗ ಯೋಚಿಸಿದರೆ ಇದರಲ್ಲಿ ಕ್ರಾಂತಿಯೇನಿಲ್ಲ. ಆ ಕಿಟಕಿಯವನಿಗೆ ಚೀಟಿ ಹರಿಯುವುದು ಬಿಟ್ಟರೆ ಬೇರೆ ಉದ್ದೇಶವಿರಲಿಲ್ಲ. ಮದ್ರಾಸ್ ಕ್ಲಬ್ಬು 1832ರಲ್ಲಿ ಹುಟ್ಟಿದ್ದು. ಸ್ವಾತಂತ್ರ್ಯ ಬಂದು ಎಷ್ಟೋ ವರ್ಷ ಕಳೆಯುವವರೆಗೆ ಅದು ಭಾರತೀಯರನ್ನು ಸದಸ್ಯರಾಗಿ ಸೇರಿಸಲಿಲ್ಲ. ದೊರೆಗಳ ಕ್ಲಬ್ಬಿಗೆ ಭಟ್ಟರೂ ಹೊಳೆಯಾಚೆಯವನೂ ಇಬ್ಬರೂ ಕರಿಯರೇ. ಬಾಗಿಲಲ್ಲಿ ಯಾರು ನೀನು ಅಂತ ಕೇಳದ ನೀರು ಊರಿಗೊಂದಾದರೂ ಬೇಕು ಅಂತ ನನಗನ್ನಿಸುವುದು ಅದಕ್ಕೇ. ಅಂಥ ಕೊಳಗಳನ್ನು ದುರಸ್ತಿ ನೆಪದಲ್ಲಿ ವರ್ಷಗಟ್ಟಲೆ ಮುಚ್ಚಿಡುವ ಸುದ್ದಿ ಯಾವ ಊರಿನಿಂದ ಬಂದರೂ ನನಗೆ ಸಿಟ್ಟು ಬರುತ್ತದೆ. ಇರಲಿ, ಒಲೆ ಆರುತ್ತಿದೆ ನೋಡಿ.

ನಿಜವಾದ ಗಮ್ಮತ್ತು ಹೋಟೆಲಿಗೆ ಮರಳಿದ ಮೇಲೆ. ಅಡುಗೆಕೋಣೆಯ ಹೊಸ್ತಿಲಲ್ಲಿ ಭಟ್ಟರ ಕಾಲು ನಿಂತಿತು. ಕೊಳದಲ್ಲಿ ಹರಿಯುವ ನೀರೆಂದು ಒಪ್ಪಿ ಆಗಿತ್ತು, ಆದರೆ ಒಲೆಯ ಮುಂದೆ ನಿಲ್ಲುವಾಗ ಮನಸ್ಸು ಒಪ್ಪಬೇಕಲ್ಲ. ಹಿತ್ತಲಿಗೆ ಹೋಗಿ ಬಕೆಟಿಗೆ ಕೈ ಹಾಕಿದರು.

ಗಲ್ಲೆಯಿಂದ ಮಾವನ ಸ್ವರ: ‘ಭಟ್ರೇ, ಬೆಳಿಗ್ಗೆ ಮೀಯಲಿಲ್ವಾ?’

‘ಮಿಂದಿದ್ದೆ.’

‘ಮಧ್ಯಾಹ್ನ ಕೊಳದಲ್ಲಿ?’

‘ಮಿಂದಿದ್ದೆ.’

‘ಮತ್ತೆ ಈಗ ಯಾವ ಸೂತಕಕ್ಕೆ? ಲಾರಿ ನಾಳೆ ಬರುದು. ಆ ಬಕೆಟಿನಲ್ಲಿ ರಾತ್ರಿಯ ಸಾಂಬಾರು ಉಂಟು.’

ಭಟ್ಟರು ಬಕೆಟನ್ನು ನೋಡಿದರು. ಹೊಳೆಯಾಚೆಯವನು ಲೋಟಗಳ ಮುಂದೆ ತಲೆತಗ್ಗಿಸಿ ಕೂತಿದ್ದ, ಕಿವಿ ಮಾತ್ರ ಇತ್ತ. ಭಟ್ಟರು ತಮ್ಮ ತೋಳನ್ನು ಮೂಗಿನ ಹತ್ತಿರ ತಂದು ಮೂಸಿದರು.

‘ಹುಳುವೇ ಬದುಕತ್ತಿಲ್ಲೆ ಆ ನೀರಂಗೆ’ ಅಂದರು, ಎಲ್ಲರಿಗೂ ಕೇಳುವ ಹಾಗೆ. ‘ಮೈಲ್ಗಿ ಎಲ್ಲಿ ಬದುಕ್ತ್ ಮಾರಾಯ್ರೆ!’

ಹೊಸ್ತಿಲು ದಾಟಿ ಒಳಗೆ ಹೋಗಿ ಬೋಂಡದ ಎಣ್ಣೆ ಇಟ್ಟರು.

ಬೆವರುಸಾಲೆ ಏನೂ ಹೋಗಲಿಲ್ಲ. ಬದಲಿಗೆ ಚರ್ಮ ಒಣಗಿ ಇನ್ನೂ ಜಾಸ್ತಿ ತುರಿಸಿತಂತೆ. ಆದರೂ ಮುಂದಿನ ವಾರ ಊಟದ ಎಲೆ ಎತ್ತುವ ಮೊದಲೇ ಭಟ್ಟರು ಬೈರಾಸು ಹಾಕಿ ಹಿತ್ತಲಲ್ಲಿ ನಿಂತಿದ್ದರು. ಮಾವನ ಪಟ್ಟಾಪಟ್ಟಿ ಚಡ್ಡಿ ಬಗಲಿನಲ್ಲಿತ್ತು. ಮಾವ ಅದನ್ನು ಮತ್ತೆ ಕೇಳಲೂ ಇಲ್ಲ, ಹಾಕಲೂ ಇಲ್ಲ. ಆಗ ಗೊತ್ತಾದದ್ದು, ಭಟ್ಟರಿಗೆ ಈಜು ಬಾರದು. ಜೀವಮಾನವಿಡೀ ದೇವಸ್ಥಾನದ ಕೆರೆಯ ಮೆಟ್ಟಿಲಿನ ಮೇಲೆ ಮೂಗು ಹಿಡಿದು ಮುಳುಗು ಹಾಕಿದವರು, ನಾಲ್ಕನೆಯ ಮೆಟ್ಟಿಲಿನಾಚೆ ಹೋದವರಲ್ಲ. ಕಲಿಸು ಎಂದು ಬಾಯಿಬಿಟ್ಟು ಕೇಳಲಿಲ್ಲ. ಹೊಳೆಯಾಚೆಯವನ ಹತ್ತಿರ ಹೋಗಿ ನಿಂತು, ‘ನೀ ಹ್ಯಾಂಗೆ ತೇಲುದು?’ ಅಂದರು. ಅವನು ಅವರ ಹೊಟ್ಟೆಯ ಕೆಳಗೆ ಎರಡೂ ಕೈ ಕೊಟ್ಟು ಅಡ್ಡಲಾಗಿ ಎತ್ತಿ ಹಿಡಿದ. ‘ಕಾಲು ಬಡೀರಿ ಭಟ್ರೇ, ಮಂಡಿ ಮಡಚಬೇಡಿ. ಬಾಯಿ ಮುಚ್ಚಿ!’ ಹೋಟೆಲಿನಲ್ಲಿ ಭಟ್ಟರಿಗೆ ಬಾಯಿ ಮುಚ್ಚಿ ಎನ್ನುವ ಧೈರ್ಯ ಧಣಿಗಳಿಗೂ ಇರಲಿಲ್ಲ.

ಲೋಟಗಳು ಹೊಸ್ತಿಲಿನ ಈಚೆಯೇ ಬೋರಲು ಬೀಳುತ್ತಿದ್ದವು. ಅದೇನು ಬದಲಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಪೈಕ್ರಾಫ್ಟ್ಸ್ ರೋಡಿನಲ್ಲಿ ಮಾತ್ರ ಅವನು ಪಕ್ಕಕ್ಕೆ ಬಂದಿದ್ದ. ಕಾಲು ಯಾವ ಕಡೆ ಬಡಿಯಬೇಕೆಂದು ದಾರಿಯುದ್ದಕ್ಕೂ ವಾದ ಮಾಡಲು ಭಟ್ಟರಿಗೆ ಅವನು ಬೇಕಿತ್ತು.

ಮೇ ಕೊನೆಗೆ ನಾನು ಮೇಲು ಹತ್ತಿದೆ. ಸ್ಟೇಷನ್ನಿಗೆ ಮಾವ ಒಬ್ಬರೇ ಬಂದರು, ಅವರಿಬ್ಬರಿಗೆ ಅದು ಕೊಳದ ದಿನ. ಅಷ್ಟು ಹೊತ್ತಿಗೆ ಭಟ್ಟರು ಕೈ ಬಡಿಯುವುದನ್ನು ಪೂರ್ತಿ ಕಲಿತಿದ್ದರು. ಒಂದು ಕಾಲು ಮಾತ್ರ ಇನ್ನೂ ನೆಲ ಬಿಟ್ಟಿರಲಿಲ್ಲ.